ರೋಜರ್ ದೆ ಫ್ಲೋರ್: 1304ರಲ್ಲಿ ಗೆದ್ದ ಅನತೋಲಿಯ ಅದೇ ವರ್ಷ ಕೈತಪ್ಪಿದ್ದೇಕೆ?

ಹಳೇಪುಟ:

ಎಲ್ಲರಿಗೂ ನಮಸ್ಕಾರ. ಕ್ರೂಸೇಡ್ ಕಾಲದ ಸೇನಾನಾಯಕರ ಮಾತು ಬಂದರೆ ನಮ್ಮ ಗುಂಪು ರಿಚರ್ಡ್, ಸಲಾದೀನ್, ಜೆರುಸಲೇಮ್ ಬಿಟ್ಟು ಮುಂದಕ್ಕೆ ಹೋಗುವುದು ಅಪರೂಪ. ಇವತ್ತು ರೋಜರ್ ದೆ ಫ್ಲೋರ್ ಎಂಬುವನ ವಿಷಯ ಎತ್ತುತ್ತಿದ್ದೇನೆ. 1304ರ ವಸಂತ, ಬೇಸಿಗೆಗಳಲ್ಲಿ ಪಶ್ಚಿಮ ಅನತೋಲಿಯದ (ಇವತ್ತಿನ ಟರ್ಕಿ ದೇಶದ ಪಶ್ಚಿಮ ಭಾಗ) ತುರ್ಕಿ ಪಂಗಡಗಳನ್ನು ಒಂದಾದ ಮೇಲೊಂದರಂತೆ ಸೋಲಿಸಿದವನು ಇವನು. ಆದರೆ ಆ ವರ್ಷ ಮುಗಿಯುವುದರೊಳಗೆ ಅವನು ಓಡಾಡಿದ ನೆಲ ಮತ್ತೆ ತುರ್ಕರ ಕೈಸೇರತೊಡಗಿತ್ತು. ಯಾಕೆ ಹೀಗಾಯಿತು ಅನ್ನುವುದೇ ನನ್ನ ಪ್ರಶ್ನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ರೋಜರ್ ಹುಟ್ಟಿದ್ದು ದಕ್ಷಿಣ ಇಟಲಿಯ ಬ್ರಿಂಡಿಸಿ ಬಂದರಿನಲ್ಲಿ. ತಂದೆ ಜರ್ಮನ್ ಮೂಲದವನು, ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಬೇಟೆಗಿಡುಗಗಳನ್ನು ಪಳಗಿಸುತ್ತಿದ್ದವನು. 1268ರ ತಾಲ್ಯಕೋಜೊ ಯುದ್ಧದಲ್ಲಿ ತಂದೆ ಸತ್ತ, ಆಸ್ತಿ ಜಪ್ತಿಯಾಯಿತು. ಚಿಕ್ಕ ಹುಡುಗನಾಗಿದ್ದಾಗಲೇ ರೋಜರ್ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಪಂಥದವರ ಹಡಗು ಹತ್ತಿದ, ಅಲ್ಲೇ ಬೆಳೆದು ದೊಡ್ಡ ಹಡಗೊಂದರ ನಾಯಕನಾದ. 1291ರಲ್ಲಿ ಆಕ್ರೆ ಪಟ್ಟಣ ಮಾಮ್ಲೂಕರ ವಶವಾದಾಗ ನಿರಾಶ್ರಿತರನ್ನು ಹಡಗಿನಲ್ಲಿ ಸಾಗಿಸಿದ. ಆ ಹೊತ್ತಿನಲ್ಲಿ ಸಂಪತ್ತು ಲಪಟಾಯಿಸಿದ ಎಂಬ ಆರೋಪ ಬಂದು ಪಂಥ ಅವನನ್ನು ಹೊರಹಾಕಿತು. ಅಲ್ಲಿಂದ ಜಿನೋವಾ, ಆಮೇಲೆ ಸಿಸಿಲಿಯ ರಾಜ ಮೂರನೇ ಫ್ರೆಡರಿಕ್‌ನ ಸೇವೆ.

1302ರಲ್ಲಿ ಕಾಲ್ತಬೆಲ್ಲೊತ್ತ ಒಪ್ಪಂದದಿಂದ ಸಿಸಿಲಿಯ ಯುದ್ಧ ನಿಂತಿತು. ರಾಜನಿಗೆ ನೆಮ್ಮದಿ, ಸೈನಿಕರಿಗೆ ಕೂಳಿಲ್ಲ. ರೋಜರ್ ಜೊತೆಗಿದ್ದವರಲ್ಲಿ ಹೆಚ್ಚಿನವರು ಅಲ್ಮೊಗಾವರ್‌ಗಳು, ಅಂದರೆ ಇವತ್ತಿನ ಸ್ಪೇನಿನ ಕತಲೋನಿಯ, ಅರಗಾನ್ ಗಡಿಯ ಬೆಟ್ಟಗಾಡಿನ ಕಾಲಾಳುಗಳು. ಈ ದಂಡನ್ನೇ ಕತಲಾನರು ಅನ್ನುವುದು. ಮೈಗೆ ತೊಗಲು, ಕೈಯಲ್ಲಿ ಎಸೆಯುವ ಈಟಿ, ಸೊಂಟದಲ್ಲಿ ದಪ್ಪ ಕತ್ತಿ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ದಂಡಿನಲ್ಲಿ ತಿರುಗುವ ಜನ. ಇವರನ್ನು ಕರೆದುಕೊಂಡು ಬರುತ್ತೇನೆ, ಸಂಬಳ ಕೊಡಿ ಎಂದು ರೋಜರ್ ಕಾನ್‌ಸ್ಟಾಂಟಿನೋಪಲ್‌ನಿಂದ (ಇವತ್ತಿನ ಇಸ್ತಾಂಬುಲ್) ಆಳುತ್ತಿದ್ದ ಬೈಜಾಂಟಿಯನ್, ಅಂದರೆ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ ಚಕ್ರವರ್ತಿ ಎರಡನೇ ಆಂದ್ರೋನಿಕೋಸ್‌ನಿಗೆ ಹೇಳಿಕಳುಹಿಸಿದ. ಚಕ್ರವರ್ತಿ ಕೂಡಲೇ ಒಪ್ಪಿದ. ಒಪ್ಪದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ. 1302ರಲ್ಲೇ ಅವನ ಮಗ ಮಿಖಾಯಿಲ್ ಮಗ್ನೇಶಿಯದಿಂದ ಕಾದಾಡದೆ ಹಿಂದೆ ಸರಿದಿದ್ದ. ಅದೇ ಜುಲೈನಲ್ಲಿ ಬಾಫಿಯಸ್ ಬಳಿ ಇನ್ನೊಂದು ಬೈಜಾಂಟಿಯನ್ ದಂಡು ಆಟೊಮನ್ ವಂಶದ ಮೂಲಪುರುಷ ಉಸ್ಮಾನನ ಕೈಯಲ್ಲಿ ಸೋತಿತ್ತು.

1303ರ ಸೆಪ್ಟೆಂಬರ್‌ನಲ್ಲಿ ದಂಡು ಕಾನ್‌ಸ್ಟಾಂಟಿನೋಪಲ್ ತಲುಪಿತು. ರೋಜರ್‌ಗೆ ಮಹಾನೌಕಾಧಿಪತಿಯ ಪದವಿ ಸಿಕ್ಕಿತು, ಚಕ್ರವರ್ತಿಯ ತಂಗಿಯ ಮಗಳು ಮರಿಯಾಳ ಜೊತೆ ಮದುವೆಯೂ ಆಯಿತು.

ಇವನ ಸೋಲು ರಣರಂಗದಲ್ಲಿ ಆಗಲಿಲ್ಲ. ಗೆದ್ದ ಊರಿನಲ್ಲಿ ಯಾರು ಉಳಿಯಬೇಕು, ಉಳಿದವರಿಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಗೆ ಅವನ ಬಳಿಯಾಗಲಿ ಚಕ್ರವರ್ತಿಯ ಬಳಿಯಾಗಲಿ ಉತ್ತರ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಬೇರೆ ಅಭಿಪ್ರಾಯ ಇದ್ದವರು ದಯವಿಟ್ಟು ಬರೆಯಿರಿ.

ಬಯಲುಸೀಮೆ:

ಒಳ್ಳೆಯ ವಿಷಯ ಸರ್. ಎರಡು ಪ್ರಶ್ನೆ. ಒಂದು, ಇವನನ್ನು ಟೆಂಪ್ಲರ್ ನೈಟ್ ಅಂತ ಕರೆಯಬಹುದಾ? ಎರಡು, ಇವನು ಉಸ್ಮಾನನ ಎದುರು ಕಾದಾಡಿದ್ದಾನಾ? ಕೆಲವು ವಿಡಿಯೋಗಳಲ್ಲಿ ‘ಆಟೊಮನ್ನರನ್ನು ಸೋಲಿಸಿದ ಟೆಂಪ್ಲರ್’ ಅಂತಲೇ ಹಾಕಿರುತ್ತಾರೆ.

ಹಳೇಪುಟ:

ಎರಡಕ್ಕೂ ಉತ್ತರ ಇಲ್ಲ ಅಂತಲೇ. ಟೆಂಪ್ಲರ್ ಪಂಥದಲ್ಲಿ ಬಿಳಿ ನಿಲುವಂಗಿಯ ನೈಟ್‌ಗಳು ಕುಲೀನ ಮನೆತನದವರು. ರೋಜರ್ ಇದ್ದದ್ದು ಅವರ ಕೆಳಗಿನ ಸಾರ್ಜೆಂಟ್ ಸೋದರರ ಸಾಲಿನಲ್ಲಿ. ಅನತೋಲಿಯಕ್ಕೆ ಹೋಗುವ ಹೊತ್ತಿಗೆ ಪಂಥದ ನಂಟೂ ಹರಿದು ಹೋಗಿತ್ತು.

ಉಸ್ಮಾನನ ನೆಲೆ ಬಿಥಿನಿಯ, ಅಂದರೆ ರಾಜಧಾನಿಗೆ ಹತ್ತಿರದ ಮೂಲೆ. ರೋಜರ್ ದಂಡು ಅತ್ತ ಹೋಗಲೇ ಇಲ್ಲ. ಮೊದಲು ಇಳಿದದ್ದು ಮರ್ಮರ ಸಮುದ್ರದ ದಕ್ಷಿಣ ದಡದ ಕಿಜಿಕೋಸ್ ಬಳಿ. ಅಲ್ಲಿ ಎದುರಾದವರು ಕಾರಾಸಿ ಕಡೆಯ ತುರ್ಕರು. ಅವರ ಬೀಡಿನ ಮೇಲೆ ಬೆಳಗಾಗುವ ಮುಂಚೆಯೇ ಬಿದ್ದು ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಸೆರೆ ಹಿಡಿದರು. ಈ ವಿವರ ಸ್ವಲ್ಪ ನೆನಪಿನಲ್ಲಿಡಿ. ಬೀಡಿನಲ್ಲಿ ಹೆಂಗಸರು ಮಕ್ಕಳು ಇದ್ದರು ಅಂದರೆ ಅವರು ಲೂಟಿ ಹೊಡೆದು ವಾಪಸ್ ಹೋಗಲು ಬಂದವರಲ್ಲ, ಸಂಸಾರ ಸಮೇತ ನೆಲ ಹುಡುಕಿಕೊಂಡು ಬಂದವರು.

ಚಳಿಗಾಲ ಅಲ್ಲೇ ಕಳೆದು 1304ರ ವಸಂತದಲ್ಲಿ ಫಿಲಡೆಲ್ಫಿಯದ ಕಡೆ ಹೊರಟರು. ಇವತ್ತಿನ ಅಲಾಶೆಹಿರ್. ಗೆರ್ಮಿಯಾನ್ ಪಂಗಡದವರು ಆ ಪಟ್ಟಣಕ್ಕೆ ಮುತ್ತಿಗೆ ಹಾಕಿ ಹಸಿವಿನಿಂದ ಬಳಲಿಸುತ್ತಿದ್ದರು. ಒಳಗೆ ಜನರಿಗೆ ಧೈರ್ಯ ತುಂಬಿ ನಿಂತಿದ್ದವನು ಬಿಷಪ್ ಥಿಯೊಲೆಪ್ತೋಸ್. ಔಲಾಕ್ಸ್ ಎಂಬಲ್ಲಿ ಯುದ್ಧ ನಡೆದು ಗೆರ್ಮಿಯಾನ್ ದಂಡು ಸೋತಿತು, ಮುತ್ತಿಗೆ ಬಿಟ್ಟಿತು. ಇದು ರೋಜರ್ ಮಾಡಿದ ದೊಡ್ಡ ಕೆಲಸ. ಆ ಪಟ್ಟಣದ ಜನರ ಮಟ್ಟಿಗೆ ಅವನು ನಿಜವಾಗಿ ಜೀವ ಉಳಿಸಿದ ಎಂದು ಒಪ್ಪಲೇಬೇಕು. ಆಮೇಲೆ ಮಗ್ನೇಶಿಯ, ತೀರೆ, ಎಫೆಸಸ್, ಕರಾವಳಿಯ ಆನಿಯ ಹೀಗೆ ದಂಡು ತಿರುಗಿತು. ತೀರೆ ಬಳಿಯ ಚಕಮಕಿಯಲ್ಲಿ ಅವನ ಮುಖ್ಯ ಸಹಚರ ಕೊರ್ಬೆರಾನ್ ಸತ್ತ.

ಅಡಿಟಿಪ್ಪಣಿ:

ಆಕರಗಳ ವಿಷಯ ಹೇಳದೆ ಈ ಕಥೆ ಹೇಳಬಾರದು. ನಮಗೆ ಮುಖ್ಯವಾಗಿ ಇರುವುದು ಎರಡು ಬಾಯಿ. ಒಬ್ಬ ರಮೋನ್ ಮುಂತಾನೆರ್, ಅದೇ ದಂಡಿನಲ್ಲಿದ್ದವನು, ಮುಂದೆ ಗಲ್ಲಿಪೋಲಿ ಕೋಟೆ ನೋಡಿಕೊಂಡವನು, ವಯಸ್ಸಾದ ಮೇಲೆ ಕತಲಾನ್ ಭಾಷೆಯಲ್ಲಿ ಬರೆದವನು. ಇನ್ನೊಬ್ಬ ಜಾರ್ಜ್ ಪಖಿಮೆರೆಸ್, ಕಾನ್‌ಸ್ಟಾಂಟಿನೋಪಲ್‌ನ ಚರ್ಚಿನ ಹಿರಿಯ ಅಧಿಕಾರಿ, ಗ್ರೀಕ್‌ನಲ್ಲಿ ಬರೆದವನು. ಮೊದಲನೆಯವನಿಗೆ ರೋಜರ್ ದೇವರಂಥ ನಾಯಕ. ಎರಡನೆಯವನಿಗೆ ಮನೆಗೆ ಹೊಕ್ಕ ಮಾರಿ.

ಕಿಜಿಕೋಸ್ ಚಳಿಗಾಲವನ್ನೇ ತೆಗೆದುಕೊಳ್ಳಿ. ಊರಿನವರೂ ದಂಡಿನವರೂ ಕೂತು ದಿನಸಿಯ ದರ ನಿಗದಿ ಮಾಡಿದರು, ಯಾರ ಮನೆಯಲ್ಲಿ ಯಾರು ಎಷ್ಟು ಉಂಡರು ಅಂತ ಲೆಕ್ಕ ಇಟ್ಟರು, ಕೊನೆಗೆ ಸೈನಿಕರ ಸಾಲ ಸಂಬಳವನ್ನೂ ಮೀರಿದಾಗ ರೋಜರ್ ಆ ಲೆಕ್ಕದ ಪತ್ರಗಳನ್ನೇ ಸುಡಿಸಿ ಎಲ್ಲವನ್ನೂ ಮನ್ನಾ ಮಾಡಿದ ಅಂತ ಮುಂತಾನೆರ್ ಬರೆಯುತ್ತಾನೆ. ಪಖಿಮೆರೆಸ್ ಬರೆಯುವುದು ಸುಲಿಗೆ, ಹೆಂಗಸರ ಮೇಲಿನ ಬಲಾತ್ಕಾರ, ಊರು ಬಿಟ್ಟು ಓಡಿದ ಜನ. ನನ್ನ ಮಟ್ಟಿಗೆ ನಿರ್ಣಾಯಕ ಸಾಕ್ಷಿ ಇವರಿಬ್ಬರ ಮಾತಿಗಿಂತ ಫೆರ್ರಾನ್ ಶಿಮೆನೆಸ್ ಎಂಬ ಅವರದೇ ನಾಯಕ. ಅವನು ಆ ಚಳಿಗಾಲದಲ್ಲೇ ರೋಜರ್ ಜೊತೆ ಮನಸ್ತಾಪವಾಗಿ ತನ್ನ ಜನರನ್ನು ಕರೆದುಕೊಂಡು ಅಥೆನ್ಸ್ ಡ್ಯೂಕನ ಬಳಿಗೆ ಹೊರಟುಹೋದ.

ಸತ್ತ ತುರ್ಕರ ಸಂಖ್ಯೆಯನ್ನಂತೂ ನಂಬಬೇಡಿ. ರೋಜರ್ ಜೊತೆ ಬಂದವರು ಮುಂತಾನೆರ್ ಲೆಕ್ಕದಲ್ಲೇ 1,500 ಕುದುರೆಯವರು, 4,000 ಅಲ್ಮೊಗಾವರ್‌ಗಳು, ಇನ್ನೊಂದು 1,000 ಕಾಲಾಳುಗಳು. ಇಷ್ಟು ಜನ ಪ್ರತಿ ಯುದ್ಧದಲ್ಲೂ ಹತ್ತು ಸಾವಿರದ ಮೇಲೆ ಕೊಂದು ತಾವು ಬೆರಳೆಣಿಕೆಯಷ್ಟು ಸತ್ತರು ಅನ್ನುವುದು ಹಳೆಯ ದಂಡಾಳಿನ ಹೆಮ್ಮೆಯ ಮಾತು. ಹಾಗೆಯೇ 1304ರ ಆಗಸ್ಟ್ 15ರಂದು ತಾರಸ್ ಬೆಟ್ಟಸಾಲಿನ ಕಣಿವೆಯ ಬಾಯಲ್ಲಿ ಮಹಾಯುದ್ಧ ಗೆದ್ದರು ಎಂಬ ಅಧ್ಯಾಯ. ಏಜಿಯನ್ ಕರಾವಳಿಯಿಂದ ಅಲ್ಲಿಗೆ ನೂರಾರು ಕಿಲೋಮೀಟರ್, ನಡುವೆಲ್ಲ ತುರ್ಕರ ನೆಲ. ಪಖಿಮೆರೆಸ್ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಅಷ್ಟು ದೂರ ಹೋಗಿರಲಾರರು ಎಂಬ ಇತಿಹಾಸಕಾರರ ಅನುಮಾನವೇ ನನಗೆ ಸರಿ ಅನಿಸುತ್ತದೆ.

ತೇರುಬೀದಿ:

ನಾನು ಹಳೇಪುಟ ಅವರ ವಾದ ಒಪ್ಪುವುದಿಲ್ಲ. ರೋಜರ್ ಸೋತದ್ದಲ್ಲ, ಅವನನ್ನು ಸೋಲಿಸಿದರು. ತುರ್ಕರೆದುರು ಒಂದೂ ಯುದ್ಧ ಸೋಲದ ದಂಡನ್ನು ಬಲ್ಗೇರಿಯಾದ ಜೊತೆಗಿನ ಯುದ್ಧದ ನೆಪ ಹೇಳಿ ಯೂರೋಪಿಗೆ ವಾಪಸ್ ಕರೆಸಿಕೊಂಡವರು ಯಾರು? ಅರಮನೆ. ಸಂಬಳ ಬಾಕಿ ಇಟ್ಟವರು ಯಾರು? ಅರಮನೆ. ಕೊಟ್ಟಾಗಲೂ ಅರ್ಧದಷ್ಟೇ ಚಿನ್ನವಿದ್ದ ಕಳಪೆ ನಾಣ್ಯ ಕೊಟ್ಟರು.

ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಗಿದೆ. 1304-05ರ ಚಳಿಗಾಲದ ಮಾತುಕತೆಯಲ್ಲಿ ಚಕ್ರವರ್ತಿ ಒಂದು ಒಪ್ಪಂದಕ್ಕೆ ಬಂದ. ರೋಜರ್‌ಗೆ ಸೀಸರ್ ಪದವಿ ಕೊಡುವುದು, ಅನತೋಲಿಯದ ಪ್ರಾಂತ್ಯಗಳನ್ನು ದೊಡ್ಡ ಪಟ್ಟಣಗಳನ್ನು ಬಿಟ್ಟು ಅವನಿಗೇ ಬಿಟ್ಟುಕೊಡುವುದು, ಅವನು ಅದನ್ನು ತನ್ನವರಿಗೆ ಜಹಗೀರಾಗಿ ಹಂಚಿಕೊಂಡು ನೆಲ ಕಾಯುವುದು. ಅಲ್ಲಿಗೆ ಸಂಬಳದ ತಾಪತ್ರಯವೇ ಮುಗಿಯುತ್ತಿತ್ತು. ನೀವು ಕೇಳುವ ‘ಯಾರು ಉಳಿಯಬೇಕು’ ಎಂಬ ಪ್ರಶ್ನೆಗೆ ಇದೇ ಉತ್ತರ ಅಲ್ಲವೇ? ಆ ಉತ್ತರವನ್ನು ಆಡ್ರಿಯಾನೋಪಲ್‌ನಲ್ಲಿ ಕೊಂದುಹಾಕಿದರು.

ಬಯಲುಸೀಮೆ:

ಕೊಂದದ್ದು ಹೇಗೆ? ಅದನ್ನೂ ಬರೆಯಿರಿ ದಯವಿಟ್ಟು.

ತೇರುಬೀದಿ:

ಮತ್ತೆ ಅನತೋಲಿಯಕ್ಕೆ ದಾಟುವ ಮುಂಚೆ ರೋಜರ್ ಚಕ್ರವರ್ತಿಯ ಮಗ ಮಿಖಾಯಿಲ್‌ನನ್ನು ಕಂಡು ಬರಲು ಆಡ್ರಿಯಾನೋಪಲ್‌ಗೆ ಹೊರಟ. ಗರ್ಭಿಣಿ ಹೆಂಡತಿಯೂ ಅತ್ತೆಯೂ ಬೇಡ ಅಂದರು, ಕೇಳಲಿಲ್ಲ. ಜೊತೆಗೆ ಸುಮಾರು 300 ಕುದುರೆಯವರು. ಹಲವು ದಿನ ಆದರ ಆತಿಥ್ಯ ನಡೆಯಿತು. 1305ರ ಏಪ್ರಿಲ್ 30ರಂದು ಅಲಾನ್ ದಂಡಿನ ನಾಯಕ ಗಿರ್ಗೋನ್ ಅವನನ್ನು ಕೊಂದ. ಅಲಾನರೂ ಚಕ್ರವರ್ತಿಯ ಕೂಲಿದಂಡೇ. ಹಿಂದೆ ಕಿಜಿಕೋಸ್‌ನಲ್ಲಿ ಕತಲಾನರಿಗೂ ಅಲಾನರಿಗೂ ಹೊಡೆದಾಟವಾಗಿ ಗಿರ್ಗೋನನ ಮಗ ಸತ್ತಿದ್ದ, ಆ ಸೇಡು. ಆದರೆ ರಾಜಕುಮಾರನ ಅತಿಥಿಯನ್ನು ರಾಜಕುಮಾರನ ಬಿಡಾರದಲ್ಲೇ ಕೊಲ್ಲಲು ಬರೀ ಸೇಡು ಸಾಲದು. ಮಿಖಾಯಿಲ್‌ನ ಒಪ್ಪಿಗೆ ಇತ್ತೆಂದೇ ನನ್ನ ನಂಬಿಕೆ. ಜೊತೆಗೆ ಹೋದವರಲ್ಲಿ ಬದುಕಿ ಬಂದವರು ತೀರ ಕಡಿಮೆ.

ಹಳೇಪುಟ:

ತೇರುಬೀದಿ ಅವರೇ, ಜಹಗೀರಿನ ಒಪ್ಪಂದ ನೆನಪಿಸಿದ್ದು ಒಳ್ಳೆಯದಾಯಿತು. ಅದಕ್ಕೇ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಮಗ್ನೇಶಿಯ. ರೋಜರ್ ತನ್ನ ಬೊಕ್ಕಸ, ಕುದುರೆ, ಸಾಮಾನು ಎಲ್ಲವನ್ನೂ ಅಲ್ಲಿಟ್ಟು ಕಾವಲು ಹಾಕಿ ಕರಾವಳಿಗೆ ಹೋಗಿದ್ದ. ಅವನು ದೂರ ಹೋದದ್ದೇ ತಡ, ಊರಿನ ಗ್ರೀಕ್ ಮುಖಂಡ ಅತ್ತಾಲೆಯೊತೆಸ್ ಜನರನ್ನು ಸೇರಿಸಿಕೊಂಡು ಕತಲಾನ್ ಕಾವಲಿನವರ ಮೇಲೆ ಬಿದ್ದ, ಬೊಕ್ಕಸ ಹಿಡಿದ, ಬಾಗಿಲು ಹಾಕಿಸಿದ. ರೋಜರ್ ತುರ್ಕರನ್ನು ಬಿಟ್ಟು ಬಂದು ಈ ಕ್ರೈಸ್ತ ಪಟ್ಟಣಕ್ಕೆ ಮುತ್ತಿಗೆ ಹಾಕಿ ಕೂತ, ಗೆಲ್ಲಲಿಲ್ಲ. ತುರ್ಕರ ಭಯದಲ್ಲಿ ಬದುಕುತ್ತಿದ್ದ ಜನ ತಮ್ಮನ್ನು ಕಾಯಲು ಬಂದವನ ಮೇಲೆಯೇ ತಿರುಗಿಬಿದ್ದರು ಅಂದರೆ ಅವರು ಎಷ್ಟು ರೋಸಿಹೋಗಿರಬೇಕು? ಅರಮನೆಯ ಹೊಟ್ಟೆಕಿಚ್ಚು ಇದನ್ನು ಮಾಡಿಸಲಿಲ್ಲ. ಎಫೆಸಸ್‌ನಲ್ಲಿ, ದ್ವೀಪಗಳಲ್ಲಿ ಉಳ್ಳವರನ್ನು ಹಿಡಿದು ಹಿಂಸಿಸಿ ಹಣ ಕಕ್ಕಿಸಿದ ಸುದ್ದಿ ಇವರಿಗೂ ಮುಟ್ಟಿರಲೇಬೇಕು. ಇಂಥ ಜನರ ನಡುವೆ ಅಲ್ಮೊಗಾವರ್‌ಗಳಿಗೆ ಜಹಗೀರು ಹಂಚಿದರೆ ಅದು ಎಷ್ಟು ದಿನ ನಿಲ್ಲುತ್ತಿತ್ತು ಹೇಳಿ. ಒಪ್ಪಂದದಲ್ಲಿ ದೊಡ್ಡ ಪಟ್ಟಣಗಳನ್ನು ಹೊರಗಿಟ್ಟದ್ದೂ ಸುಮ್ಮನೆ ಅಲ್ಲ.

ಎರಡನೆಯದು ಎಫೆಸಸ್. ದಂಡು ಹಿಂದಿರುಗಿದ ಮೇಲೆ, 1304ರ ಅಕ್ಟೋಬರ್ 24ರಂದು, ಮೆಂತೆಷೆ ಎಂಬ ತುರ್ಕಿ ಪಂಗಡದ ಕಡೆಯ ಸಾಸಾ ಬೇ ಆ ಪಟ್ಟಣ ಹಿಡಿದ. ಜನರನ್ನು ಕೊಂದರು, ಉಳಿದವರನ್ನು ಸಾಗಿಸಿದರು. ತೀರೆಯೂ ಅವನ ಪಾಲಾಯಿತು. ಕೆಲವೇ ತಿಂಗಳ ಹಿಂದೆ ರೋಜರ್ ದಂಡು ಬೀಡುಬಿಟ್ಟಿದ್ದ ಊರುಗಳು ಇವು. ಆಮೇಲೆ ಐದಿನ್ ಪಂಗಡ ಅಲ್ಲೇ ದೊಡ್ಡ ಬೇಲಿಕ್ ಕಟ್ಟಿತು. ಬೇಲಿಕ್ ಅಂದರೆ ಬೇ ಒಬ್ಬನ ಆಳ್ವಿಕೆಯ ಪುಟ್ಟ ರಾಜ್ಯ.

ನಾನು ಮೊದಲು ಹೇಳಿದ ಬೀಡಿನ ಹೆಂಗಸರು ಮಕ್ಕಳ ಮಾತಿಗೆ ಬರುತ್ತೇನೆ. ಈ ತುರ್ಕಮನ್ ಪಂಗಡಗಳು ಕುರಿ, ಕುದುರೆ, ಗುಡಾರಗಳ ಜೊತೆ ಪಶ್ಚಿಮಕ್ಕೆ ಸರಿಯುತ್ತಿದ್ದದ್ದು ಹದಿಮೂರನೇ ಶತಮಾನದ ಮಂಗೋಲರ ಒತ್ತಡದಿಂದ. ಬೇಸಿಗೆಗೆ ಮೇಲಿನ ಹುಲ್ಲುಗಾವಲು, ಚಳಿಗೆ ಕೆಳಗಿನ ನದಿ ಬಯಲು, ಇದು ಅವರ ಬದುಕಿನ ಕ್ರಮ. ಮೆಯಾಂಡರ್, ಹೆರ್ಮೋಸ್ ನದಿಗಳ ಬಯಲೇ ಅವರಿಗೆ ಬೇಕಾದ ಚಳಿಗಾಲದ ನೆಲ. ಒಂದು ದಂಡನ್ನು ಹೊಡೆದು ಓಡಿಸಿದರೆ ಅವರು ಬೆಟ್ಟ ಹತ್ತುತ್ತಾರೆ, ದಂಡು ಹೋದ ಮೇಲೆ ಇಳಿಯುತ್ತಾರೆ. ನೀರಿಗೆ ಕೋಲಿನಿಂದ ಹೊಡೆದರೆ ನೀರು ಎರಡಾದೀತೇ? ಅವರನ್ನು ತಡೆಯಲು ಬೇಕಿದ್ದದ್ದು ಊರೂರಲ್ಲಿ ಬೇರೂರಿದ ಗಡಿ ಕಾವಲು. ಕಾನ್‌ಸ್ಟಾಂಟಿನೋಪಲ್ ಕ್ರೂಸೇಡರ್‌ಗಳ ಕೈಯಲ್ಲಿದ್ದು ಅನತೋಲಿಯದ ನಿಕೇಯದಲ್ಲಿ ರಾಜಧಾನಿ ಇದ್ದ ಕಾಲದಲ್ಲಿ ಗಡಿಯ ಬೆಟ್ಟದ ಜನರಿಗೆ ತೆರಿಗೆ ವಿನಾಯಿತಿ ಕೊಟ್ಟು ಆ ಕಾವಲನ್ನು ಸಾಕಿದ್ದರು. 1261ರಲ್ಲಿ ಕಾನ್‌ಸ್ಟಾಂಟಿನೋಪಲ್ ಮರಳಿ ಸಿಕ್ಕ ಮೇಲೆ ಆಂದ್ರೋನಿಕೋಸ್‌ನ ತಂದೆ ಎಂಟನೇ ಮಿಖಾಯಿಲ್ ಆ ವಿನಾಯಿತಿಗಳನ್ನು ಕಿತ್ತುಕೊಂಡ. ನನ್ನ ಪ್ರಕಾರ ಅನತೋಲಿಯ ಕೈಬಿಟ್ಟದ್ದು ಆವತ್ತೇ.

ಕಡಲತೀರ:

ಸಂಬಳದ ಲೆಕ್ಕ ನೋಡಿದರೆ ಹಳೇಪುಟ ಅವರ ಮಾತಿಗೆ ಬಲ ಬರುತ್ತದೆ. ಪೂರ್ತಿ ಕವಚದ ಕುದುರೆಯವನಿಗೆ ತಿಂಗಳಿಗೆ 4 ಔನ್ಸ್ ಚಿನ್ನ, ಹಗುರ ಕುದುರೆಯವನಿಗೆ 2, ಕಾಲಾಳಿಗೆ 1. ಅದೂ ನಾಲ್ಕು ತಿಂಗಳದ್ದು ಮುಂಗಡ. 5,000 ಕಾಲಾಳುಗಳಿಗೇ ತಿಂಗಳಿಗೆ 5,000 ಔನ್ಸ್ ಆಯಿತು. ಇಷ್ಟು ಚಿನ್ನ ಎಲ್ಲಿಂದ? ಆದಾಯ ಕೊಡುವ ಪ್ರಾಂತ್ಯಗಳನ್ನೇ ತುರ್ಕರು ತಿನ್ನುತ್ತಿದ್ದರು. ಖರ್ಚು ಉಳಿಸಲು 1285ರಲ್ಲೇ ನೌಕಾಪಡೆ ವಿಸರ್ಜಿಸಿ ಆಗಿತ್ತು.

ಕೊನೆಗೆ ಆಂದ್ರೋನಿಕೋಸ್ ರೈತರ ಮೇಲೆ ಹೊಸ ಧಾನ್ಯ ತೆರಿಗೆ ಹಾಕಿದ. ಒಂದು ಜೋಡೆತ್ತಿನ ಭೂಮಿಗೆ 6 ಅಳತೆ ಗೋಧಿ, 4 ಅಳತೆ ಬಾರ್ಲಿ. ಕತಲಾನರು ಉಂಡದ್ದು ಈ ರೈತರ ಕಣಜ. ದಂಡು ಊರಿಗೆ ಬಂದರೆ ಸುಲಿಗೆ, ಬಾರದಿದ್ದರೆ ತೆರಿಗೆ. ಹೊಲ ಉಳುವವನಿಗೆ ಚಕ್ರವರ್ತಿಗೂ ತುರ್ಕಿ ಬೇಗೂ ಏನು ವ್ಯತ್ಯಾಸ ಉಳಿಯಿತು?

ತೇರುಬೀದಿ:

ಲೆಕ್ಕ ಒಪ್ಪುತ್ತೇನೆ. ಆದರೆ ನೀವಿಬ್ಬರೂ ತಪ್ಪನ್ನೆಲ್ಲ ದಂಡಿನ ಮೇಲೆ ಹಾಕುತ್ತಿದ್ದೀರಿ. ಸಂಬಳ ಸರಿಯಾಗಿ ಬಂದಿದ್ದರೆ ಸುಲಿಗೆ ಅಷ್ಟು ಆಗುತ್ತಿರಲಿಲ್ಲ. ಹಸಿದ ಸೈನಿಕನನ್ನು ಊರೊಳಗೆ ಬಿಟ್ಟವನ ಹೊಣೆ ಏನೂ ಇಲ್ಲವೇ? ಇನ್ನೊಬ್ಬ ನಾಯಕ, ಸ್ವಂತ ನೆಲದವನು, ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ ಅನ್ನುವುದಕ್ಕೆ ಏನು ಆಧಾರ?

ಅಡಿಟಿಪ್ಪಣಿ:

ಆಧಾರ ಇದೆ. ಅಲೆಕ್ಸಿಯೋಸ್ ಫಿಲಾಂತ್ರೋಪೆನೋಸ್. ರೋಜರ್‌ಗಿಂತ ಹತ್ತು ವರ್ಷ ಮುಂಚೆ, 1293ರಿಂದ 1295ರವರೆಗೆ ಅದೇ ಮೆಯಾಂಡರ್ ಬಯಲಿನಲ್ಲಿ ತುರ್ಕರನ್ನು ಹಿಮ್ಮೆಟ್ಟಿಸಿದ ಗ್ರೀಕ್ ಸೇನಾನಿ. ಸೋತವರನ್ನು ದಯೆಯಿಂದ ನಡೆಸಿಕೊಂಡ, ಎಷ್ಟೋ ತುರ್ಕರು ಅವನ ದಂಡಿಗೇ ಸೇರಿದರು. ಊರಿನವರಿಗೂ ಅವನ ಮೇಲೆ ವಿಶ್ವಾಸ. ತೆರಿಗೆಯ ಭಾರಕ್ಕೆ ಬೇಸತ್ತ ಜನ, ಅವನ ಕ್ರೀಟ್ ಸೈನಿಕರು ಸೇರಿ ನೀನೇ ಚಕ್ರವರ್ತಿಯಾಗು ಎಂದು ಹುರಿದುಂಬಿಸಿದರು. ದಂಗೆ ಎದ್ದ. ಹಣದ ಆಸೆಗೆ ಬಿದ್ದ ಅದೇ ಸೈನಿಕರು ಅವನನ್ನು ಹಿಡಿದುಕೊಟ್ಟರು. 1295ರಲ್ಲಿ ಅವನ ಕಣ್ಣು ಕೀಳಿಸಲಾಯಿತು.

ಹಾಗಾಗಿ ತೇರುಬೀದಿ ಅವರ ಮಾತಿನಲ್ಲೂ ಸತ್ಯವಿದೆ. ಈ ಅರಮನೆ ಸ್ವಂತದವನನ್ನೂ ಉಳಿಸಿಕೊಳ್ಳಲಿಲ್ಲ. ಆದರೆ ಮುಂದಿನದನ್ನು ಕೇಳಿ. 1324ರಲ್ಲಿ ಫಿಲಡೆಲ್ಫಿಯಕ್ಕೆ ಮತ್ತೆ ತುರ್ಕರ ಮುತ್ತಿಗೆ ಬಿತ್ತು. ಆಂದ್ರೋನಿಕೋಸ್ ಆಗ ಈ ಕುರುಡ ಮುದುಕನನ್ನೇ ಅಲ್ಲಿಗೆ ಕಳಿಸಿದ, ಮುತ್ತಿಗೆ ಬಿಟ್ಟುಹೋಯಿತು. ಅವನು ಬಂದ ಸುದ್ದಿ ಕೇಳಿಯೇ ತುರ್ಕರು ಮಾತುಕತೆಗೆ ಬಂದರು ಎಂದು ಗ್ರೀಕ್ ಇತಿಹಾಸಕಾರರು ಬರೆದಿದ್ದಾರೆ. ಮೂವತ್ತು ವರ್ಷದ ಹಿಂದೆ ಸಂಪಾದಿಸಿದ ಹೆಸರು ಅಷ್ಟು ಕೆಲಸ ಮಾಡಿತು. ರೋಜರ್ ಹೆಸರು ಹೇಳಿ ಅನತೋಲಿಯದಲ್ಲಿ ಯಾವ ಊರೂ ಒಂದು ಬಾಗಿಲನ್ನೂ ತೆರೆಯುತ್ತಿರಲಿಲ್ಲ.

ಬಯಲುಸೀಮೆ:

ರೋಜರ್ ಸತ್ತ ಮೇಲೆ ಆ ದಂಡು ಏನಾಯಿತು? ಊರಿಗೆ ಹೋದರಾ?

ಕಡಲತೀರ:

ಹೋಗಲಿಲ್ಲ. ಗಲ್ಲಿಪೋಲಿಯಲ್ಲಿ ಬೀಡುಬಿಟ್ಟು ಥ್ರೇಸ್ ಪ್ರಾಂತ್ಯವನ್ನು ವರ್ಷಗಟ್ಟಲೆ ಸುಟ್ಟರು, ಸುಲಿದರು, ಜನರನ್ನು ಗುಲಾಮರಾಗಿ ಮಾರಿದರು. 1305ರಲ್ಲೇ ಆಪ್ರೋಸ್ ಬಳಿ ಮಿಖಾಯಿಲ್‌ನ ಸೈನ್ಯವನ್ನು ಚಿಂದಿ ಮಾಡಿದರು. ‘ಕತಲಾನ್ ಸೇಡು’ ಎಂಬ ಮಾತು ಅಲ್ಲಿಯದು. ನನಗೆ ಇನ್ನೂ ಅರಗದ ಸಂಗತಿ ಎಂದರೆ, ಯಾರನ್ನು ಹೊಡೆಯಲು ಬಂದಿದ್ದರೋ ಆ ತುರ್ಕರನ್ನೇ ಅನತೋಲಿಯದಿಂದ ದಾಟಿಸಿಕೊಂಡು ಜೊತೆ ಸೇರಿಸಿಕೊಂಡರು. 1311ರ ಮಾರ್ಚ್‌ನಲ್ಲಿ ಅಥೆನ್ಸ್ ಡ್ಯೂಕ್ ವಾಲ್ಟರ್ ಬ್ರಿಯೆನ್‌ನನ್ನು ಕೊಂದು ಅವನ ರಾಜ್ಯ ಕಸಿದುಕೊಂಡಾಗಲೂ ಅವರ ಪಕ್ಕದಲ್ಲಿ ತುರ್ಕರಿದ್ದರು. ಅಥೆನ್ಸ್ 1388ರವರೆಗೆ ಕತಲಾನರ ಕೈಯಲ್ಲೇ ಇತ್ತು. ಹೀಗೆ ಯೂರೋಪಿನ ದಾರಿ, ಕೋಟೆ, ಬೆಳೆ, ಬಲಹೀನತೆ ಎಲ್ಲವನ್ನೂ ತುರ್ಕಿ ತಂಡಗಳಿಗೆ ತೋರಿಸಿಕೊಟ್ಟವರಲ್ಲಿ ಈ ದಂಡೂ ಒಂದು. ಧರ್ಮಯುದ್ಧದ ಹೆಸರಿನಲ್ಲಿ ಇವರನ್ನು ಮೆರೆಸುವವರು ಈ ಭಾಗ ಬಿಟ್ಟು ಓದುತ್ತಾರೆ.

ತೇರುಬೀದಿ:

ಮೆರೆಸುವುದು ನನ್ನ ಉದ್ದೇಶವಲ್ಲ ಕಡಲತೀರ ಅವರೇ. ಅತಿಥಿಯನ್ನು ಕರೆದು ಕೊಂದ ಮೇಲೆ ಅವನ ಜನ ಸುಮ್ಮನೆ ಹಡಗು ಹತ್ತಬೇಕಿತ್ತು ಅನ್ನುವುದು ಸರಿಯಲ್ಲ. ಕತಲಾನರು ಕಳಿಸಿದ ದೂತರನ್ನೂ ಗ್ರೀಕರು ದಾರಿಯಲ್ಲಿ ಕೊಂದಿದ್ದರು. ಥ್ರೇಸಿನ ರೈತರ ಮೇಲಿನ ಕ್ರೌರ್ಯಕ್ಕೆ ಸಮರ್ಥನೆ ಇಲ್ಲ. ಆದರೆ ಜಹಗೀರಿನ ಒಪ್ಪಂದಕ್ಕೆ ಒಂದು ಅವಕಾಶ ಸಿಗಬೇಕಿತ್ತು ಎಂಬ ಮಾತಿಗೆ ನಾನು ಈಗಲೂ ಬದ್ಧ.

ಹಳೇಪುಟ:

ಅವಕಾಶ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಫಿಲಡೆಲ್ಫಿಯವನ್ನೇ ನೋಡೋಣ. ರೋಜರ್ ಅಲ್ಲಿ ದಂಡನ್ನು ಬಿಟ್ಟುಬರಲಿಲ್ಲ. ಆ ಪಟ್ಟಣ ತನ್ನ ಬಿಷಪ್, ತನ್ನ ಗೋಡೆ, ತನ್ನ ಜನರನ್ನು ನಂಬಿಕೊಂಡು, ಬೇಕಾದಾಗ ತುರ್ಕರಿಗೆ ಕಪ್ಪ ಕೊಟ್ಟು, ಸುತ್ತಲ ನೆಲವೆಲ್ಲ ಬೇಲಿಕ್‌ಗಳ ಪಾಲಾದ ಮೇಲೂ ಸುಮಾರು ಎಂಬತ್ತೈದು ವರ್ಷ ಬಾಳಿತು. 1390ರಲ್ಲಿ ಆಟೊಮನ್ ಸುಲ್ತಾನ ಬಾಯಜೀದ್ ಅದನ್ನು ಹಿಡಿದಾಗ ಅವನ ಸೈನ್ಯದಲ್ಲಿ ಆಂದ್ರೋನಿಕೋಸ್‌ನ ವಂಶದವನೇ ಆದ ಮ್ಯಾನುಯಲ್ ಇದ್ದ, ಸಾಮಂತನಾಗಿ ಬರಲೇಬೇಕಾಗಿ ಬಂದವನು. ಮ್ಯಾನುಯಲ್ ಮುಂದಿನ ವರ್ಷ ಚಕ್ರವರ್ತಿಯಾದ.

ಔಲಾಕ್ಸ್ ಯುದ್ಧ ಆ ಜನರಿಗೆ ಉಸಿರು ಕೊಟ್ಟಿತು, ಅದನ್ನು ರೋಜರ್‌ಗೆ ಸಲ್ಲಿಸುತ್ತೇನೆ. ಉಳಿದ ಎಂಬತ್ತೈದು ವರ್ಷ ಊರಿನವರ ಸಂಪಾದನೆ. ಬಿಷಪ್ ಥಿಯೊಲೆಪ್ತೋಸ್ ಬಗ್ಗೆ ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆದರೆ ಓದಲು ನಾನು ಮೊದಲಿಗ.

ಅಡಿಟಿಪ್ಪಣಿ:

ಬರೆಯುತ್ತೇನೆ. ಅವನ ಧರ್ಮೋಪದೇಶದ ಬರಹಗಳು, ಪತ್ರಗಳು ಉಳಿದಿವೆ. ರೋಜರ್ ಕಥೆಯಲ್ಲಿ ಕಾಣದ ಊರಿನ ಒಳಗಿನ ಬದುಕು ಅಲ್ಲಿ ಸ್ವಲ್ಪ ಸಿಗುತ್ತದೆ. ಬೇರೆ ಎಳೆ ಶುರು ಮಾಡೋಣ, ಇದು ಈಗಲೇ ಉದ್ದವಾಗಿದೆ.